ಹಣ್ಣು ನೊಣದ ಬಾಟಲಿ ಕೆಟ್ಟಿದೆಯೇ? ತೊಳೆಯುವ ಮೊದಲು ದಿನ ಎಣಿಸಿ

ಲ್ಯಾಬಿನಲ್ಲಿ ಹಣ್ಣು ನೊಣ ಸಾಕುವ ಬಾಟಲಿಯಲ್ಲಿ ಹೊಸ ನೊಣ ಬರಲಿಲ್ಲ ಎಂದ ಕೂಡಲೇ ಹೆಚ್ಚಿನ ಕಡೆ ಆಗುವುದು ಇಷ್ಟು: ಆ ಬಾಟಲಿ ತೊಳೆಯಲು ಹೋಗುತ್ತದೆ, ಹೊಸ ಮೀಡಿಯಾ, ಅಂದರೆ ನೊಣದ ಆಹಾರ, ಒಲೆಗೆ ಏರುತ್ತದೆ. ಎರಡು ವಾರ ಕಳೆದ ಮೇಲೆ ಅದೇ ದೋಷ ಮತ್ತೆ ಎದುರು ನಿಲ್ಲುತ್ತದೆ. ಕೆಟ್ಟ ಬಾಟಲಿಯನ್ನು ತೊಳೆಯಬೇಡಿ. ಏನು ತಪ್ಪಿತು, ಎಂದು ತಪ್ಪಿತು ಎಂಬುದು ಅದರೊಳಗೇ ಇರುತ್ತದೆ. ಅದನ್ನು ಓದಲು ಬೇಕಿರುವುದು ಒಂದು ಕೈಮಸೂರ ಅಥವಾ 20 ಪಟ್ಟು ದೊಡ್ಡದಾಗಿ ತೋರಿಸುವ ಸ್ಟೀರಿಯೊ ಮೈಕ್ರೋಸ್ಕೋಪು, ಜೊತೆಗೆ ಬಾಟಲಿಯ ಮೇಲೆ ಬರೆದ ತಾರೀಖು. ತಾರೀಖು ಬರೆಯದ ಬಾಟಲಿ ಇದ್ದರೆ ಇವತ್ತಿನಿಂದಲೇ ಆ ಅಭ್ಯಾಸ ಬಿಡಿ.

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪ್ರಾಕ್ಟಿಕಲ್‌ಗೂ ಸಂಶೋಧನೆಗೂ ಸಾಕುವ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಬಗ್ಗೆ ಇದು. ಮಾವು, ಸೀಬೆಯ ಕಾಯಿಗೆ ಮೊಟ್ಟೆ ಚುಚ್ಚಿ ರೈತರನ್ನು ಕಾಡುವ ಹಣ್ಣು ನೊಣ ಬೇರೆ ಕುಟುಂಬದ್ದು, ರೇಷ್ಮೆ ಮನೆಯ ಊಜಿ ನೊಣ ಇನ್ನೂ ಬೇರೆ. ಹೊಸದಾಗಿ ಲ್ಯಾಬಿಗೆ ಬರುವ ಮಕ್ಕಳು ಮೂರನ್ನೂ ಒಂದೇ ಎಂದುಕೊಂಡಿರುತ್ತಾರೆ. ಮೊದಲ ದಿನವೇ ಬಿಡಿಸಿ ಹೇಳಿಬಿಡಿ.

ಯಾವ ಹಂತದಲ್ಲಿ ನಿಂತಿತು?

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ಒಡೆಯಲು ಒಂದು ದಿನ. ಲಾರ್ವಾದ (ಮುಂದೆ ಹುಳು ಎಂದಿರುವುದು ಇದನ್ನೇ) ಮೊದಲ ಎರಡು ಹಂತಕ್ಕೆ ಒಂದೊಂದು ದಿನ, ಮೂರನೆಯದಕ್ಕೆ ಸುಮಾರು ಎರಡು ದಿನ. ಹುಳು ಚಿಪ್ಪಿನೊಳಗೆ ನೊಣವಾಗಿ ಬದಲಾಗುವ ಪ್ಯೂಪಾ ಹಂತ ನಾಲ್ಕರಿಂದ ಐದು ದಿನ. ಒಟ್ಟು ಹತ್ತು ದಿನಕ್ಕೆ ಹೊಸ ನೊಣ. 18 ಡಿಗ್ರಿಯಲ್ಲಿ ಇದೇ ಲೆಕ್ಕ ಹೆಚ್ಚುಕಡಿಮೆ ಎರಡು ಪಟ್ಟು. ಮೈಸೂರಿನ ಲ್ಯಾಬುಗಳು ರೂಢಿಯಲ್ಲಿ ಇಟ್ಟುಕೊಳ್ಳುವ 22 ಡಿಗ್ರಿಯಲ್ಲಿ ಹತ್ತಕ್ಕೆ ಇನ್ನೂ ಮೂರ್ನಾಲ್ಕು ದಿನ ಸೇರಿಸಿಕೊಳ್ಳಿ. "ಹನ್ನೊಂದು ದಿನ ಆಯ್ತು, ಒಂದೂ ಬಂದಿಲ್ಲ" ಎಂಬ ದೂರಿನಲ್ಲಿ ಎಷ್ಟೋ ಸಲ ದೋಷವೇ ಇರುವುದಿಲ್ಲ, ಇನ್‌ಕ್ಯುಬೇಟರ್ (ಬಾಟಲಿಗಳನ್ನು ಒಂದೇ ಕಾವಿನಲ್ಲಿ ಇಡುವ ಪೆಟ್ಟಿಗೆ) 22ರಲ್ಲಿ ಇರುತ್ತದೆ, ಅಷ್ಟೆ.

ಬಾಟಲಿಯನ್ನು ಬೆಳಕಿಗೆ ಹಿಡಿದು ಈ ಕ್ರಮದಲ್ಲಿ ನೋಡಿ. ಮೀಡಿಯಾದ ಮೇಲೆ ಅರ್ಧ ಮಿಲಿಮೀಟರ್ ಉದ್ದದ, ಮುಂಭಾಗದಲ್ಲಿ ಎರಡು ಎಳೆ ಇರುವ ಬಿಳಿ ಮೊಟ್ಟೆಗಳಿವೆಯೇ? ಮೀಡಿಯಾದಲ್ಲಿ ಸುರಂಗಗಳಿವೆಯೇ? ಗೋಡೆಗೆ ಪ್ಯೂಪಾ ಅಂಟಿದೆಯೇ? ಪ್ಯೂಪಾದ ಚಿಪ್ಪಿನಲ್ಲಿ ಕೆಂಪು ಕಣ್ಣು ಕಾಣುತ್ತಿದೆಯೇ, ಇಲ್ಲ ಚಿಪ್ಪು ಖಾಲಿಯೇ? ಎಲ್ಲಿ ಉತ್ತರ "ಇಲ್ಲ" ಎಂದು ಬರುತ್ತದೋ ಅಲ್ಲಿಂದ ದಿನಗಳನ್ನು ಹಿಂದಕ್ಕೆ ಎಣಿಸಿ. ಆ ದಿನ ಕರೆಂಟ್ ಹೋಗಿತ್ತೇ, ಹೊಸ ಬೆಲ್ಲ ಬಂದಿತ್ತೇ, ಪಕ್ಕದ ಕೋಣೆಗೆ ಬಣ್ಣ ಹೊಡೆದರೇ ಎಂದು ಕೇಳಿದರೆ ಕಾರಣ ಅರ್ಧ ಸಿಕ್ಕಂತೆ.

ಇನ್ನೊಂದು ಗುರುತು ಇದಕ್ಕಿಂತ ಬೇಗ ದಾರಿ ತೋರಿಸುತ್ತದೆ. ದೊಡ್ಡ ನೊಣಗಳು ಸತ್ತು ಮೀಡಿಯಾದೊಳಗಿನ ಹುಳು ಓಡಾಡುತ್ತಿದ್ದರೆ ದೋಷ ಗಾಳಿಯಲ್ಲಿದೆ. ದೊಡ್ಡ ನೊಣ ಚೆನ್ನಾಗಿದ್ದು ಹುಳು ಸಾಯುತ್ತಿದ್ದರೆ ದೋಷ ಮೀಡಿಯಾದಲ್ಲಿದೆ.

ಮೀಡಿಯಾ

ಮೊದಲು ಸರಿಯಾದ ಅಳತೆ. ಮೈಸೂರಿನಲ್ಲಿ ಬಹುಕಾಲದಿಂದ ನಡೆದು ಬಂದಿರುವುದು ರವೆ-ಬೆಲ್ಲದ ಮೀಡಿಯಾ: ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಬೂಸ್ಟು ತಡೆಯಲು 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಸಿಡ್. ಬಾಟಲಿಗೆ 40 ಮಿಲಿಲೀಟರ್ ಹಾಕಿದರೆ ಇಪ್ಪತ್ತೈದು ಬಾಟಲಿ ಆಗುತ್ತದೆ.

700 ಮಿಲಿಲೀಟರ್ ತಣ್ಣೀರಿಗೆ ಅಗರ್ ಉದುರಿಸಿ ಕುದಿಸಿ. ಅಗರ್ ಕರಗುವುದು ಸುಮಾರು 85 ಡಿಗ್ರಿಯ ಮೇಲೆ, ಆದ್ದರಿಂದ ಬರೀ ಬಿಸಿಯಾದರೆ ಸಾಲದು. ಕಣ ಕಾಣದಂತೆ ತಿಳಿಯಾಗಬೇಕು. ಬೆಲ್ಲವನ್ನು ಕರಗಿಸಿ ಸೋಸಿಯೇ ಹಾಕಿ, ಕಬ್ಬಿನ ಸಿಪ್ಪೆಯೂ ಮರಳೂ ಇದ್ದೇ ಇರುತ್ತವೆ. ಉಳಿದ 300 ಮಿಲಿಲೀಟರ್ ತಣ್ಣೀರಿನಲ್ಲಿ ರವೆ ಕದಡಿ ಸಣ್ಣ ಧಾರೆಯಾಗಿ ಹುಯ್ಯುತ್ತ ಕೈಬಿಡದೆ ತಿರುವಿ. ಒಣ ರವೆ ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ಗಂಟಿನೊಳಗೆ ಆಸಿಡ್ ಇಳಿಯುವುದಿಲ್ಲ, ಬೂಸ್ಟು ಅಲ್ಲಿಂದಲೇ ಶುರುವಾಗುತ್ತದೆ. ಹತ್ತು ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಬೆಂದು ಸೌಟಿನಿಂದ ಗಂಜಿಯಂತೆ ಇಳಿಯುವ ಹದಕ್ಕೆ ಬಂದಾಗ ಇಳಿಸಿ. ಪಾತ್ರೆಯ ಹೊರಗೆ ಮೊದಲೇ ಒಂದು ಗೆರೆ ಹಾಕಿಟ್ಟುಕೊಂಡು, ಆವಿಯಾದಷ್ಟು ನೀರನ್ನು ಮತ್ತೆ ತುಂಬಿ.

ಇನ್ನು ಮುಖ್ಯವಾದ ಮೆಟ್ಟಿಲು. ಮೀಡಿಯಾ 60 ಡಿಗ್ರಿಗೆ ಇಳಿಯುವವರೆಗೆ ಆಸಿಡ್ ಹಾಕಬೇಡಿ. ಥರ್ಮಾಮೀಟರ್ ಅದ್ದಿಯೇ ನೋಡಿ, ಕೈಗೆ ತಿಳಿಯುವುದಿಲ್ಲ. ಕುದಿಯುವಾಗ ಹಾಕಿದರೆ ಎರಡು ನಷ್ಟ: ಆಸಿಡ್‌ನ ಒಂದು ಪಾಲು ಆವಿಯ ಜೊತೆ ಹೋಗುತ್ತದೆ, ಉಳಿದದ್ದು ಬಿಸಿಯಲ್ಲಿ ಅಗರ್ ಅನ್ನು ಮುರಿಯುತ್ತದೆ. ಹಾಗಾಗಿ ಬೂಸ್ಟು ಬರುವ ಮೀಡಿಯಾ ಮತ್ತು ಗಟ್ಟಿಯಾಗದ ಮೀಡಿಯಾ ಒಂದೇ ಪಾತ್ರೆಯಿಂದ ಬಂದಿದ್ದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 45ಕ್ಕಿಂತ ಕೆಳಗೆ ಇಳಿಯಲೂ ಬಿಡಬೇಡಿ, ಸೆಟ್ಟಾಗತೊಡಗಿದ ಮೀಡಿಯಾದಲ್ಲಿ ಆಸಿಡ್ ಬೆರೆಯುವುದಿಲ್ಲ. ಹಾಕಿದ ಮೇಲೆ ತಳದಿಂದ ಎತ್ತಿ ಎತ್ತಿ ಎರಡು ನಿಮಿಷ ತಿರುವಿ. ಪ್ರೊಪಿಯಾನಿಕ್ ಆಸಿಡ್ ಚರ್ಮವನ್ನು ಸುಡುತ್ತದೆ, ಅದರ ಘಾಟು ಕಣ್ಣಿಗೆ ಒಳ್ಳೆಯದಲ್ಲ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ಬಾಟಲಿಗಳಿಗೆ ಹುಯ್ದ ಕ್ರಮದಲ್ಲೇ ನಂಬರ್ ಹಾಕಿ. ಹತ್ತು ಸೆಕೆಂಡಿನ ಕೆಲಸ, ಆದರೆ ಇದರಷ್ಟು ಉಪಯೋಗದ ದಾಖಲೆ ಇನ್ನೊಂದಿಲ್ಲ. ಒಂದೇ ಪಾತ್ರೆಯ ಮೊದಲ ಹತ್ತು ಬಾಟಲಿಗೆ ಬೂಸ್ಟು ಬಂದು, ಕೊನೆಯ ಹತ್ತರಲ್ಲಿ ಹುಳು ಬೆಳೆಯದೆ ನಿಂತಿದ್ದರೆ ಆಸಿಡ್ ಸರಿಯಾಗಿ ಬೆರೆತಿಲ್ಲ ಎಂದೇ ಅರ್ಥ.

ಬೆಲ್ಲ ನಮ್ಮ ಕಡೆಯ ವಿಶೇಷ ತೊಂದರೆ. ಮಂಡ್ಯದ ಆಲೆಮನೆಯಿಂದ ತಾಜಾ ಬೆಲ್ಲ ಸಿಗುವುದು ಒಂದು ಅನುಕೂಲ. ಆದರೆ ಹಳದಿಯಾಗಿ ಹೊಳೆಯುವ ಅಚ್ಚು ಬೆಲ್ಲಕ್ಕೆ ಬಣ್ಣ ಬರಲು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕಿರುವುದುಂಟು. ಅದರಿಂದ ಉಳಿಯುವ ಸಲ್ಫೈಟ್ ಯೀಸ್ಟನ್ನು ತಡೆಯುತ್ತದೆ. ಹುಳು ತಿನ್ನುವುದು ಮುಖ್ಯವಾಗಿ ಮೀಡಿಯಾದ ಮೇಲೆ ಬೆಳೆಯುವ ಯೀಸ್ಟನ್ನೇ. ಯೀಸ್ಟ್ ಬೆಳೆಯದ ಬಾಟಲಿಯಲ್ಲಿ ಹೆಣ್ಣು ಕಡಿಮೆ ಮೊಟ್ಟೆ ಇಡುತ್ತದೆ, ಹುಳು ನಿಧಾನವಾಗುತ್ತದೆ, ಹೊರಬಂದ ನೊಣ ಚಿಕ್ಕದಾಗಿರುತ್ತದೆ. ಬಾಟಲಿ ಮೂಗಿಗೆ ಹಿಡಿದರೆ ಮೂರನೆಯ ದಿನವೂ ಹುದುಗಿನ ವಾಸನೆ ಬರುವುದಿಲ್ಲ.

ಪರೀಕ್ಷೆ ಸುಲಭ. ಅನುಮಾನದ ಬೆಲ್ಲ 10 ಗ್ರಾಂ, ಕಪ್ಪು ಉಂಡೆ ಬೆಲ್ಲ 10 ಗ್ರಾಂ ತೂಗಿ, ಎರಡು ಲೋಟದಲ್ಲಿ ತಲಾ 100 ಮಿಲಿಲೀಟರ್ ಉಗುರು ಬೆಚ್ಚಗಿನ ನೀರಿಗೆ ಕರಗಿಸಿ. ಎರಡಕ್ಕೂ ಒಂದೇ ಪ್ಯಾಕೆಟ್ಟಿನ ಒಣ ಯೀಸ್ಟ್ 1 ಗ್ರಾಂ ಹಾಕಿ ಒಂದು ಗಂಟೆ ಬಿಡಿ. ಕಪ್ಪು ಬೆಲ್ಲದ ಲೋಟದಲ್ಲಿ ನೊರೆ ಎದ್ದು ಇನ್ನೊಂದು ಸಪ್ಪೆಯಾಗಿ ನಿಂತರೆ ಬೆಲ್ಲ ಬದಲಿಸಿ. ಎರಡರಲ್ಲೂ ನೊರೆ ಇಲ್ಲದಿದ್ದರೆ ಯೀಸ್ಟ್ ಸತ್ತಿದೆ, ಬೆಲ್ಲದ ತಪ್ಪಲ್ಲ. ಲ್ಯಾಬಿಗೆ ಕಪ್ಪು ಬೆಲ್ಲವೇ ಲೇಸು. ಒಂದು ಪ್ರಯೋಗ ಮುಗಿಯುವವರೆಗೆ ಸಾಲುವಷ್ಟನ್ನು ಒಂದೇ ಸಲ ತಂದಿಡಿ. ಅರ್ಧದಲ್ಲಿ ಬೆಲ್ಲ ಬದಲಾದರೆ ನಿಮ್ಮ ಮೊಟ್ಟೆಯ ಎಣಿಕೆಯೂ ಬದಲಾಗುತ್ತದೆ, ಅದನ್ನು ತಳಿಯ ಗುಣವೆಂದು ಬರೆದುಕೊಳ್ಳುವ ಅಪಾಯವಿದೆ.

ಬೂಸ್ಟು

ಎಲ್ಲಿ ಬಂದಿದೆ ಎನ್ನುವುದನ್ನು ಮೊದಲು ನೋಡಿ, ಬಣ್ಣ ಆಮೇಲೆ. ಮೀಡಿಯಾದ ಮೇಲೆಲ್ಲ ಒಂದೇ ಸಮ ಹಬ್ಬಿದ್ದರೆ ಆಸಿಡ್ ಸಾಲದಾಗಿದೆ. ಹತ್ತಿಯ ಸುತ್ತ ಮಾತ್ರ ಇದ್ದರೆ ಹತ್ತಿ ಒದ್ದೆಯಾಗಿದೆ. ಮೆಡಿಕಲ್ ಶಾಪಿನ ಗಾಯಕ್ಕೆ ಕಟ್ಟುವ ಹತ್ತಿ ತೇವ ಹೀರುತ್ತದೆ, ನೀರು ಹೀರದ ಹತ್ತಿಯನ್ನೇ ಕೇಳಿ ತನ್ನಿ. ಸತ್ತ ನೊಣದ ಮೇಲಷ್ಟೇ ಇದ್ದರೆ ತಾಯಿ ನೊಣಗಳನ್ನು ಸಮಯಕ್ಕೆ ತೆಗೆದಿಲ್ಲ.

ಆಸಿಡ್ ಸರಿಯಾಗಿ ಹಾಕಿದ್ದೇವೆ, ಆದರೂ ಬೂಸ್ಟು ಎನ್ನುವವರು ಪಿಎಚ್, ಅಂದರೆ ಹುಳಿಯ ಅಳತೆ (ಅಂಕ ಇಳಿದಷ್ಟೂ ಹುಳಿ ಹೆಚ್ಚು), ನೋಡಬೇಕು. ಪ್ರೊಪಿಯಾನಿಕ್ ಆಸಿಡ್ ಕೆಲಸ ಮಾಡುವುದು ಅದರ ಅಣು ಒಡೆಯದೆ ಇದ್ದಾಗ. ಪಿಎಚ್ 4.87ರಲ್ಲಿ ಅರ್ಧದಷ್ಟು ಅಣು ಇಡಿಯಾಗಿರುತ್ತವೆ. ಒಂದು ಅಂಕ ಕೆಳಗೆ ಇಳಿದರೆ ಹತ್ತರಲ್ಲಿ ಒಂಬತ್ತು ಪಾಲು, ಒಂದು ಅಂಕ ಮೇಲೇರಿದರೆ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಡಿಸ್ಟಿಲ್ಡ್ ನೀರಿಲ್ಲದೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಯಿಸಿದರೆ, ಬೆಲ್ಲದಲ್ಲಿ ಕಬ್ಬಿನ ರಸ ತಿಳಿಗೊಳಿಸಲು ಹಾಕಿದ ಸುಣ್ಣ ಉಳಿದಿದ್ದರೆ, ಪಿಎಚ್ ಮೇಲಕ್ಕೆ ಜಗ್ಗುತ್ತದೆ. ಇವು ಒಂದೊಂದೇ ಬಂದರೆ ಆಸಿಡ್ ತಡೆದುಕೊಳ್ಳುತ್ತದೆ. ಅರ್ಧ ಆಸಿಡ್ ಕುದಿಯಲ್ಲಿ ಹಾರಿಹೋದ ಮೀಡಿಯಾವನ್ನು ಕೆಡಿಸಲು ಮಾತ್ರ ಇವೇ ಸಾಕು. ಸೆಟ್ಟಾದ ಮೀಡಿಯಾದ ಚೂರೊಂದನ್ನು ಪಿಎಚ್ ಪಟ್ಟಿಗೆ ಒತ್ತಿ ನೋಡಿ. 5ರ ಮೇಲೆ ತೋರಿಸಿದರೆ ಆ ಪಾತ್ರೆಯ ಬಾಟಲಿಗಳಿಗೆ ನೊಣ ಹಾಕಬೇಡಿ.

ಹಾಗೆಂದು ಆಸಿಡ್ ಅನ್ನು 7.5ರಿಂದ 15ಕ್ಕೆ ಏರಿಸುವುದು ಪರಿಹಾರವಲ್ಲ. ಯೀಸ್ಟ್ ನಿಲ್ಲುತ್ತದೆ, ಹುಳು ಎಳೆಯದಾಗಿಯೇ ಗೋಡೆ ಹತ್ತುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲದಲ್ಲಿ ಹೆಚ್ಚಿನ ರಕ್ಷಣೆ ಬೇಕಾದರೆ ಮಿಥೈಲ್ ಪ್ಯಾರಾಬೆನ್ ಅನ್ನು ಆಲ್ಕೋಹಾಲಿನಲ್ಲಿ ಶೇಕಡಾ 10ರಂತೆ ಕರಗಿಸಿ ಲೀಟರ್ ಮೀಡಿಯಾಕ್ಕೆ 10 ಮಿಲಿಲೀಟರ್ ಸೇರಿಸಿ. ನೀರಿಗೆ ನೇರವಾಗಿ ಹಾಕಿದರೆ ಅದು ಸರಿಯಾಗಿ ಕರಗುವುದಿಲ್ಲ.

ಇದೆಲ್ಲಕ್ಕಿಂತ ಒಳ್ಳೆಯ ಬೂಸ್ಟು ನಿರೋಧಕ ಹುಳುವೇ. ಸಾಕಷ್ಟು ಹುಳು ಇರುವ ಬಾಟಲಿಯಲ್ಲಿ ಮೀಡಿಯಾದ ಮೇಲ್ಪದರ ಹಗಲಿರುಳು ಉತ್ತ ಹೊಲದಂತಿರುತ್ತದೆ, ಬೂಸ್ಟಿಗೆ ಬೇರು ಬಿಡಲು ಪುರುಸೊತ್ತಿಲ್ಲ. ಎರಡೋ ಮೂರೋ ಜೋಡಿ ಹಾಕಿದ ದೊಡ್ಡ ಬಾಟಲಿ ಬೂಸ್ಟು ಹಿಡಿಯುವುದು ಇದಕ್ಕೇ. ಕಡಿಮೆ ಜೋಡಿ ಇದ್ದರೆ 8-10 ಮಿಲಿಲೀಟರ್ ಮೀಡಿಯಾದ ವಯಲ್ (ಚಿಕ್ಕ ಸೀಸೆ) ಬಳಸಿ.

ಮೀಡಿಯಾದ ಮೇಲೆ ಲೋಳೆ, ನೊಣ ಅಂಟಿಕೊಂಡು ಸಾಯುವುದು

ಬಿಸಿ ಇರುವಾಗಲೇ ಹತ್ತಿ ಹಾಕಿದರೆ ಒಳಗೆಲ್ಲ ಹನಿ ಕಟ್ಟುತ್ತದೆ. ತೆಳು ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಹತ್ತಿ ಹಾಕಿ. ನೀರಿನ ಹನಿಯಿಂದಾದ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ಹನಿ ಇಲ್ಲದೆಯೂ ಮೇಲ್ಪದರ ಹೊಳೆಯುತ್ತ, ಸೂಜಿಯಿಂದ ಎತ್ತಿದರೆ ನೂಲು ಬಂದರೆ ಅದು ಬ್ಯಾಕ್ಟೀರಿಯಾ. ಪ್ರೊಪಿಯಾನಿಕ್ ಆಸಿಡ್ ಬೂಸ್ಟನ್ನು ತಡೆದಷ್ಟು ಇದನ್ನು ತಡೆಯುವುದಿಲ್ಲ. ನೊಣಗಳನ್ನು ಎರಡು ಮೂರು ದಿನ, ದಿನಕ್ಕೊಂದು ಹೊಸ ಬಾಟಲಿಗೆ ದಾಟಿಸಿದರೆ ಹೆಚ್ಚಿನ ಸಲ ಹೋಗುತ್ತದೆ. ಹೋಗದಿದ್ದರೆ ಆಂಪಿಸಿಲಿನ್, ಅದೂ ಮೀಡಿಯಾ 50 ಡಿಗ್ರಿಗೆ ಇಳಿದ ಮೇಲೆ. ಟೆಟ್ರಾಸೈಕ್ಲಿನ್ ಕೈಗೆ ಸಿಕ್ಕಿತೆಂದು ಹಾಕಬೇಡಿ. ಅದು ನೊಣದ ಜೀವಕೋಶದಲ್ಲಿ ವಾಸಿಸುವ ವೋಲ್ಬಾಕಿಯಾ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಮೈಟೊಕಾಂಡ್ರಿಯಾಕ್ಕೂ ತೊಂದರೆ ಕೊಡುತ್ತದೆ. ಬಾಟಲಿ ಸ್ವಚ್ಛವಾಗುತ್ತದೆ, ಆದರೆ ಸ್ಟಾಕ್, ಅಂದರೆ ಸಾಕಿಕೊಂಡು ಬಂದ ತಳಿ, ಮೊದಲಿನ ಸ್ಟಾಕ್ ಆಗಿ ಉಳಿಯುವುದಿಲ್ಲ.

ಮೊಟ್ಟೆ ಇದೆ, ಹುಳು ಇಲ್ಲ

ನೂರು ಮೊಟ್ಟೆ ಎಣಿಸಿ ಚಿಕ್ಕ ಅಗರ್ ತಟ್ಟೆಗೆ ಸಾಲಾಗಿ ಇಟ್ಟು, 25 ಡಿಗ್ರಿಯಲ್ಲಿ 30 ಗಂಟೆ ಬಿಟ್ಟು ನೋಡಿ. ಒಡೆದ ಮೊಟ್ಟೆಯ ಸಿಪ್ಪೆ ಪಾರದರ್ಶಕವಾಗಿ ಮುದುಡಿರುತ್ತದೆ. ಒಡೆಯದವು ಬಿಳಿಯಾಗಿಯೇ ಉಳಿದಿದ್ದರೆ ಹೆಚ್ಚಾಗಿ ಫಲಿತವಾಗಿಲ್ಲ, ಗಂಡಿನ ಕಡೆ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಫಲಿತವಾಗಿ ಭ್ರೂಣ ಸತ್ತಿದೆ.

ಬಿಳಿಯ ಮೊಟ್ಟೆಗೆ ಏಪ್ರಿಲ್‌ನಲ್ಲಿ ಸಿಗುವ ಸಾಮಾನ್ಯ ಕಾರಣ ಬಿಸಿಲು. ಮೈಸೂರಿನಲ್ಲೂ ಆಗ ಹಗಲಿನ ತಾಪಮಾನ 35 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬಾಟಲಿ 30 ಡಿಗ್ರಿಯಲ್ಲಿ ಬೆಳೆದರೆ ಗಂಡು ನೊಣ ಬಂಜೆಯಾಗುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಕೂಡುತ್ತದೆ ಕೂಡ. ಅದೇ ಗಂಡುಗಳನ್ನು 22-25 ಡಿಗ್ರಿಯಲ್ಲಿ ಹತ್ತು ದಿನ ಇಟ್ಟು ಹೊಸ ಹೆಣ್ಣುಗಳಿಗೆ ಬಿಟ್ಟು ನೋಡಿ. ಮೊಟ್ಟೆ ಒಡೆಯತೊಡಗಿದರೆ ಸ್ಟಾಕ್ ಉಳಿಯಿತು.

ಕಂದು ಮೊಟ್ಟೆಯಾದರೆ ಕ್ರಾಸ್ (ಎರಡು ಸ್ಟಾಕುಗಳ ಗಂಡು ಹೆಣ್ಣನ್ನು ಕೂಡಿಸುವುದು) ತಿರುವಿ ಹಾಕಿ. ಇತ್ತಿನ ಗಂಡು, ಅತ್ತಿನ ಹೆಣ್ಣು ಹಾಕಿದಾಗ ಒಡೆಯದ ಮೊಟ್ಟೆ ಅದಲು ಬದಲು ಮಾಡಿದಾಗ ಒಡೆದರೆ ವೋಲ್ಬಾಕಿಯಾದ ಮೇಲೆ ಅನುಮಾನ ಪಡಿ. ಸೋಂಕಿರುವ ಗಂಡು ಸೋಂಕಿಲ್ಲದ ಹೆಣ್ಣನ್ನು ಕೂಡಿದಾಗ ಹೀಗಾಗುತ್ತದೆ. ಬ್ಯಾಲೆನ್ಸರ್ (ಮ್ಯೂಟೇಶನ್ ಕಳೆದುಹೋಗದಂತೆ ಕಾಯುವ ವಿಶೇಷ ಕ್ರೋಮೋಸೋಮ್) ಸ್ಟಾಕುಗಳಲ್ಲಿ ಮಾತ್ರ ಮರಿಗಳಲ್ಲಿ ಒಂದು ಪಾಲು ಸಾಯುವುದು ಸಹಜ, ಎರಡೂ ಕಡೆಯಿಂದ ಬ್ಯಾಲೆನ್ಸರ್ ಬಂದ ಮರಿ ಬದುಕುವುದಿಲ್ಲ. ಅದನ್ನು ದೋಷವೆಂದು ಹುಡುಕುತ್ತ ಕೂರಬೇಡಿ.

ಪ್ಯೂಪಾದಲ್ಲೇ ನಿಂತರೆ

ಚಿಪ್ಪಿನೊಳಗೆ ಕೆಂಪು ಕಣ್ಣೂ ಕಪ್ಪಾದ ರೆಕ್ಕೆಯೂ ಕಂಡು, ನೊಣ ಮಾತ್ರ ಹೊರಬರದಿದ್ದರೆ ಕೊನೆಯ ದಿನದಲ್ಲಿ ಒಣಗಿದೆ ಅಥವಾ ಕಾವು ಹೆಚ್ಚಾಗಿದೆ. ಫೆಬ್ರವರಿ, ಮಾರ್ಚ್‌ನ ಒಣಗಾಳಿಯಲ್ಲಿ ಮೀಡಿಯಾ ಗೋಡೆ ಬಿಟ್ಟು ಕುಗ್ಗಿರುವುದು ಇದಕ್ಕೆ ಸಾಕ್ಷಿ. ಇನ್‌ಕ್ಯುಬೇಟರಿನ ತಳದಲ್ಲಿ ಅಗಲವಾದ ನೀರಿನ ತಟ್ಟೆ ಇಟ್ಟು ತೇವಾಂಶವನ್ನು ಶೇಕಡಾ 60-70ಕ್ಕೆ ತನ್ನಿ. ಕಣ್ಣಿನ ಬಣ್ಣವೇ ಬರದೆ ಇಡೀ ಪ್ಯೂಪಾ ಕಪ್ಪಗಾಗಿದ್ದರೆ ಅದು ಮೊದಲೇ ಸತ್ತು ಕೊಳೆತದ್ದು. ಆಗ ಹುಳುವಿನ ದಿನಗಳಿಗೆ ಹಿಂತಿರುಗಿ.

ಒಂದೇ ರಾತ್ರಿಯಲ್ಲಿ ಎಲ್ಲ ಬಾಟಲಿಯ ನೊಣ ಸತ್ತರೆ

ಮೀಡಿಯಾ ಬಿಡಿ, ಕೋಣೆ ನೋಡಿ. ರಾತ್ರಿ ಯಾರಾದರೂ ಸೊಳ್ಳೆ ಬತ್ತಿ ಅಥವಾ ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರಾವಣ ಹಚ್ಚಿದ್ದರೇ? ಕಾರಿಡಾರಿಗೆ ಜಿರಲೆ ಔಷಧ ಹೊಡೆದರೇ? ಬೀರುವಿನಲ್ಲಿ ನುಸಿಗುಳಿಗೆ ಇದೆಯೇ? ಸಾಯುತ್ತಿರುವ ನೊಣ ಬೆನ್ನಡಿಯಾಗಿ ಬಿದ್ದು ಕಾಲು ನಡುಗಿಸುತ್ತಿದ್ದರೆ ಕೀಟನಾಶಕವೇ. ಆಯುಧ ಪೂಜೆಗೆ ಮುಂಚೆ ಲ್ಯಾಬ್ ತೊಳೆದು, ಬಾಗಿಲು ಕಿಟಕಿಗೆ ಬಣ್ಣ ಬಳಿಯುವ ವಾರದಲ್ಲಿ ಎಲ್ಲ ಸ್ಟಾಕಿನ ಒಂದೊಂದು ಬಾಟಲಿಯನ್ನು ಬೇರೆ ಕಟ್ಟಡಕ್ಕೆ ಸಾಗಿಸಿಡಿ.

ಸತ್ತವುಗಳನ್ನು ತಟ್ಟಿ ತೆಗೆದು ಬಾಟಲಿ ಹಾಗೆಯೇ ಇಡಿ. ಮೀಡಿಯಾದೊಳಗಿನ ಹುಳು ಎಷ್ಟೋ ಸಲ ಬದುಕಿ ಉಳಿದಿರುತ್ತದೆ. ಕಂಗೆಟ್ಟು ಎಲ್ಲವನ್ನೂ ತೊಳೆದುಬಿಟ್ಟರೆ ಉಳಿಯಬಹುದಾಗಿದ್ದ ತಳಿಯೂ ಹೋಗುತ್ತದೆ.

ಸತ್ತದ್ದು ಎಣಿಕೆಯ ಮೇಜಿನ ಮೇಲೆ ಮಾತ್ರ ಎಂದಾದರೆ ನೊಣದ ಎಚ್ಚರ ತಪ್ಪಿಸಲು ಕೊಟ್ಟ ಈಥರ್ ಹೆಚ್ಚಾಗಿದೆ. ರೆಕ್ಕೆ ಮೈಗೆ ಲಂಬವಾಗಿ ಮೇಲೆದ್ದು ಕಾಲು ನೀಟಾಗಿ ಚಾಚಿಕೊಂಡಿದ್ದರೆ ಆ ನೊಣ ಏಳುವುದಿಲ್ಲ. ಓಡಾಟ ನಿಂತ ಕೂಡಲೇ ಹೊರಗೆ ಸುರಿಯಿರಿ. ಈಥರ್ ಇರುವ ಕೋಣೆಯಲ್ಲಿ ಬೆಂಕಿ ಬೇಡವೇ ಬೇಡ, ಮೀಡಿಯಾ ಬೇಯಿಸುವ ಗ್ಯಾಸ್ ಒಲೆಯೂ ಸೇರಿ.

ನುಸಿ

ತೆಂಗಿನ ನುಸಿ ಪೀಡೆ ಕಂಡವರಿಗೆ ಇದರ ಸ್ವಭಾವ ಹೊಸದಲ್ಲ: ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಹತ್ತಿಯ ಒಳಮೈ, ಖಾಲಿ ಪ್ಯೂಪಾದ ಸುತ್ತ, 20 ಪಟ್ಟಿನಲ್ಲಿ ನಿಧಾನವಾಗಿ ಚಲಿಸುವ ಬಿಳಿ ಚುಕ್ಕೆಗಳು ಕಂಡರೆ ನುಸಿ. ಕೆಲವು ಜಾತಿ ಮೀಡಿಯಾ ತಿಂದು ಹುಳುವಿನ ಜೊತೆ ಪೈಪೋಟಿಗೆ ಬೀಳುತ್ತವೆ, ಕೆಲವು ಮೊಟ್ಟೆಯನ್ನೇ ತಿನ್ನುತ್ತವೆ. ಒಂದು ಹಂತದಲ್ಲಿ ನೊಣದ ಮೈಗೆ ಕಚ್ಚಿಕೊಂಡು ಹೊಸ ಬಾಟಲಿಗೂ ಹೋಗುತ್ತವೆ.

ಮೂಲ ಸಾಮಾನ್ಯವಾಗಿ ಎರಡು: ಬಿಸಾಡದ ಹಳೆಯ ಬಾಟಲಿ, ಮತ್ತು ಫ್ಲೈ ರೂಮಿನಲ್ಲೇ ಬಿಚ್ಚಿಟ್ಟ ರವೆ ಚೀಲ. ರವೆಯನ್ನು ಬೇರೆ ಕೋಣೆಗೆ, ಬಿಗಿ ಮುಚ್ಚಳದ ಡಬ್ಬಕ್ಕೆ ಸಾಗಿಸಿ. 25 ಡಿಗ್ರಿಯಲ್ಲಿ ಮೂರು ವಾರ ದಾಟಿದ ಬಾಟಲಿ ಒಂದೂ ಇರಬಾರದು. ತೊಳೆಯುವ ಮೊದಲು ಆಟೋಕ್ಲೇವ್ ಮಾಡಿ (ಒತ್ತಡದ ಆವಿಯಲ್ಲಿ ಬೇಯಿಸಿ), ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ.

ಸೋಂಕು ಹಗುರವಾಗಿದ್ದರೆ ಆ ದಿನವೇ ಹೊರಬಂದ ನೊಣಗಳನ್ನು ತೆಗೆದು, ದಿನಕ್ಕೊಂದು ಹೊಸ ಬಾಟಲಿಯಂತೆ ನಾಲ್ಕೈದು ದಿನ ದಾಟಿಸಿ, ಕೊನೆಯ ಎರಡನ್ನು ಮಾತ್ರ ಉಳಿಸಿ. ಜೋರಾಗಿದ್ದರೆ ಮೊಟ್ಟೆ ತೊಳೆಯಬೇಕು. ಬೆಲ್ಲದ ಅಗರ್ ತಟ್ಟೆಯಲ್ಲಿ ಒಂದು ರಾತ್ರಿ ಇಟ್ಟ ಮೊಟ್ಟೆಗಳನ್ನು ಕುಂಚದಿಂದ ಸಣ್ಣ ಜರಡಿಗೆ ಎತ್ತಿ, ಮನೆಗೆ ಬಳಸುವ ಬ್ಲೀಚ್ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಎರಡರಿಂದ ಮೂರು ನಿಮಿಷ ಅದ್ದಿ. ಎರಡು ಎಳೆಗಳು ಮಾಯವಾಗಿ ಮೊಟ್ಟೆ ಹೊಳೆಯತೊಡಗಿದರೆ ಹೊರಸಿಪ್ಪೆ ಹೋಗಿದೆ. ಬ್ಲೀಚಿನ ವಾಸನೆ ಹೋಗುವವರೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ತಕ್ಷಣ ಮೀಡಿಯಾಕ್ಕೆ ಹಾಕಿ, ಸಿಪ್ಪೆ ಇಲ್ಲದ ಮೊಟ್ಟೆ ಬಹುಬೇಗ ಒಣಗುತ್ತದೆ.

ಹೊರಗಿನಿಂದ ಬಂದ ಸ್ಟಾಕನ್ನು ಎರಡು ತಲೆಮಾರು ಬೇರೆ ಕೋಣೆಯಲ್ಲಿಟ್ಟು ನೋಡಿ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಸ್ಟಾಕ್ ಸೆಂಟರಿನಿಂದ ಬಂದರೂ, ಬೇರೆ ಊರಿನಿಂದ ಬಂದರೂ ನಿಯಮ ಒಂದೇ, ದಾರಿಯಲ್ಲಿ ಏನು ಸೇರಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಇರುವೆಗಾದರೆ ರೇಷ್ಮೆ ಮನೆಯ ಉಪಾಯವೇ ಸಾಕು: ರ‍್ಯಾಕಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ.

ಇನ್‌ಕ್ಯುಬೇಟರ್

ಮುಂದಿನ ಡಿಸ್‌ಪ್ಲೇ ತೋರಿಸುವುದು ಸೆನ್ಸರ್ ಇರುವ ಜಾಗದ ತಾಪಮಾನ. ಪ್ರತಿ ತಟ್ಟೆಯಲ್ಲೂ ನೀರು ತುಂಬಿದ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು ಒಂದು ದಿನ ಬಿಟ್ಟು ಓದಿ. ಮೇಲಿನ ತಟ್ಟೆಗೂ ಕೆಳಗಿನದಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಕಂಡರೆ ಹಿಂದಿನ ಗಾಳಿಯ ಕಿಂಡಿಗೆ ಬಾಟಲಿ ಅಡ್ಡ ಇದೆಯೇ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಯಂತ್ರಗಳು ಹಳೆಯ ಸೆಟ್ಟಿಂಗಿಗೆ ಮರಳುವುದಿಲ್ಲ, ಪ್ರತಿ ಸಲ ಹೋಗಿ ನೋಡಲೇಬೇಕು. ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಒಂದಿದ್ದರೆ ಭಾನುವಾರ ಏನಾಯಿತೆಂದು ಸೋಮವಾರ ತಿಳಿಯುತ್ತದೆ.

ಕ್ರಾಸ್‌ನ ಲೆಕ್ಕ ಕೂಡದಿದ್ದರೆ

ನೊಣಗಳೆಲ್ಲ ಆರೋಗ್ಯವಾಗಿದ್ದು, ಅನುಪಾತ ಮಾತ್ರ ತಪ್ಪುವ ದೋಷ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಬಾಟಲಿ ನೋಡಿದರೆ ಏನೂ ಕಾಣುವುದಿಲ್ಲ.

ವೆಸ್ಟಿಜಿಯಲ್ (ಮೊಟಕು) ರೆಕ್ಕೆಯ ಎಫ್2ನಲ್ಲಿ, ಅಂದರೆ ಕ್ರಾಸ್‌ನ ಎರಡನೆಯ ತಲೆಮಾರಿನಲ್ಲಿ, 400 ನೊಣಕ್ಕೆ ಸಾಮಾನ್ಯ ರೆಕ್ಕೆ, ಮೊಟಕು ರೆಕ್ಕೆ 300:100 ಬರಬೇಕಾದಲ್ಲಿ 322:78 ಬಂದಿತೆನ್ನಿ. ಕೈ ಸ್ಕ್ವೇರ್ (ನಿರೀಕ್ಷೆಗೂ ಎಣಿಕೆಗೂ ಇರುವ ಅಂತರದ ಅಳತೆ) 6.45 ಆಗುತ್ತದೆ, ಆಕಸ್ಮಿಕವೆಂದು ಬಿಡಬಹುದಾದ 3.84ರ ಗಡಿ ದಾಟಿತು. ಮೆಂಡೆಲ್ ನಿಯಮವನ್ನು ಅನುಮಾನಿಸುವ ಮೊದಲು ಯಾವ ಯಾವ ದಿನ ಎಣಿಸಿದಿರಿ ನೋಡಿ. ಕಿಕ್ಕಿರಿದ ಬಾಟಲಿಯಲ್ಲಿ ವೆಸ್ಟಿಜಿಯಲ್‌ನಂಥ ಮ್ಯೂಟೆಂಟ್‌ಗಳು ಹಿಂದೆ ಬೀಳುತ್ತವೆ, ತಡವಾಗಿ ಬರುತ್ತವೆ. ಮೊದಲ ಮೂರು ದಿನ ಎಣಿಸಿ ನಿಲ್ಲಿಸಿದರೆ ಅವು ಲೆಕ್ಕಕ್ಕೇ ಸಿಗುವುದಿಲ್ಲ. ಮೊದಲ ನೊಣ ಬಂದ ದಿನದಿಂದ ಎಂಟು ಒಂಬತ್ತು ದಿನ ಎಣಿಸಿ. ಅದಕ್ಕಿಂತ ಮುಂದೆ ಹೋದರೆ ಎಫ್3 ಬೆರೆಯುತ್ತದೆ. ತಾಯಿ ತಂದೆಯರನ್ನು ಏಳನೆಯ ದಿನವೇ ತೆಗೆದಿರಬೇಕು.

ತಾಪಮಾನ ಲಕ್ಷಣವನ್ನೇ ಮರೆಸುವುದೂ ಉಂಟು. ಕರ್ಲಿ (ಮೇಲಕ್ಕೆ ಸುರುಳಿಯಾದ) ರೆಕ್ಕೆ 18-19 ಡಿಗ್ರಿಯಲ್ಲಿ ಸಾಮಾನ್ಯ ರೆಕ್ಕೆಯಂತೆ ಕಾಣಬಹುದು. ವೆಸ್ಟಿಜಿಯಲ್ ರೆಕ್ಕೆ 30ರ ಹತ್ತಿರ ಬೆಳೆದರೆ ಉದ್ದವಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೊರಗೆ ಮೇಜಿನ ಮೇಲಿಟ್ಟ ಕರ್ಲಿ ಬಾಟಲಿಯನ್ನು 25 ಡಿಗ್ರಿಗೆ ತಂದು ಮುಂದಿನ ತಲೆಮಾರು ನೋಡಿದ ಮೇಲೆ ಮಾತ್ರ ಎಣಿಸಿ.

ವರ್ಜಿನ್, ಅಂದರೆ ಇನ್ನೂ ಗಂಡನ್ನು ಕೂಡದ, ಹೆಣ್ಣು ಆರಿಸುವಾಗ ನೊಣ ಹೊರಬಂದ ಮೇಲೆ 25 ಡಿಗ್ರಿಯಲ್ಲಿ ಎಂಟು ಗಂಟೆಯ ಗಡಿ ದಾಟಬೇಡಿ, 18 ಡಿಗ್ರಿಯಲ್ಲಿ ಹದಿನಾರು ಗಂಟೆ. ನೊಣಗಳು ಹೆಚ್ಚಾಗಿ ಬೆಳಗಿನ ಜಾವ ಹೊರಬರುತ್ತವೆ. ಆಗತಾನೆ ಬಂದ ಹೆಣ್ಣು ಬಿಳಿಚಿಕೊಂಡು ಉಬ್ಬಿರುತ್ತದೆ, ಹೊಟ್ಟೆಯ ಕೆಳಗೆ ಚರ್ಮದೊಳಗಿಂದ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಆರಿಸಿದ ಹೆಣ್ಣುಗಳನ್ನು ಗಂಡಿಲ್ಲದೆ ಮೂರು ನಾಲ್ಕು ದಿನ ವಯಲ್‌ನಲ್ಲಿಡಿ. ಹುಳು ಕಂಡರೆ ಆ ವಯಲ್‌ನ ಹೆಣ್ಣು ಯಾವುದನ್ನೂ ಬಳಸಬೇಡಿ.

ಕಾಲೇಜುಗಳಲ್ಲಿ ಹೆಚ್ಚು ಮಾಡಿಸುವ ಬಿಳಿ ಕಣ್ಣಿನ ಕ್ರಾಸ್ ತನ್ನ ದೋಷವನ್ನು ತಾನೇ ಹೇಳುತ್ತದೆ. ಅಮೆರಿಕದ ತಳಿವಿಜ್ಞಾನಿ ಮಾರ್ಗನ್ 1910ರಲ್ಲಿ ವರದಿ ಮಾಡಿದ ಲಕ್ಷಣ ಇದು. ಬಿಳಿ ಕಣ್ಣಿನ ಹೆಣ್ಣಿಗೆ ಕೆಂಪು ಕಣ್ಣಿನ ಗಂಡು ಹಾಕಿದರೆ ಹೆಣ್ಣುಮರಿಗಳೆಲ್ಲ ಕೆಂಪು, ಗಂಡುಮರಿಗಳೆಲ್ಲ ಬಿಳಿ ಬರಬೇಕು. ಬಿಳಿ ಹೆಣ್ಣುಮರಿಗಳು ಹತ್ತಾರು ಬಂದು, ಗಂಡು ಮಾತ್ರ ಎಲ್ಲ ಬಿಳಿಯೇ ಆಗಿದ್ದರೆ ತಾಯಿ ವರ್ಜಿನ್ ಆಗಿರಲಿಲ್ಲ, ತನ್ನದೇ ಬಾಟಲಿಯ ಬಿಳಿ ಗಂಡನ್ನು ಕೂಡಿತ್ತು. ಕೆಂಪು ಗಂಡುಗಳು ಹತ್ತಾರು ಬಂದರೆ ಹೊರಗಿನ ನೊಣ ಸೇರಿದೆ. ಕ್ಯಾಂಟೀನಿನ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕೂತವು ಲ್ಯಾಬಿಗೂ ಬರುತ್ತವೆ, ಎಲ್ಲವೂ ಮೆಲನೊಗ್ಯಾಸ್ಟರ್ ಆಗಿರಬೇಕಿಲ್ಲ. ಮೈಸೂರಿನ ಹೆಸರನ್ನೇ ಹೊತ್ತ ಡ್ರೊಸೊಫಿಲಾ ಮೈಸೂರೆನ್ಸಿಸ್ ಎಂಬ ಜಾತಿಯೂ ಇದೆ. ಅನುಮಾನದ ಗಂಡಿನ ಮುಂಗಾಲು ನೋಡಿ: ಮೆಲನೊಗ್ಯಾಸ್ಟರ್‌ಗೆ ಒಂದೇ ಸಾಲಿನ ಕಪ್ಪು ಬಾಚಣಿಗೆ ಇರುತ್ತದೆ. ನಮ್ಮಲ್ಲಿ ಮನೆಮನೆಯಲ್ಲೂ ಸಿಗುವ ಡ್ರೊಸೊಫಿಲಾ ಅನನಾಸೆ ಜಾತಿಗೆ ಅಡ್ಡಡ್ಡ ಹಲವು ಸಾಲು.

ಸಾವಿರಾರು ನೊಣ ಎಣಿಸಿದಾಗ ಒಂದೋ ಎರಡೋ ಕೆಂಪು ಗಂಡು, ಒಂದೋ ಎರಡೋ ಬಿಳಿ ಹೆಣ್ಣು ಬಂದರೆ ಅದನ್ನು ದೋಷವೆಂದು ಎಸೆಯಬೇಡಿ. ತಾಯಿಯ ಎರಡು ಎಕ್ಸ್ ಕ್ರೋಮೋಸೋಮ್ ಬೇರ್ಪಡದೆ ಹೋದಾಗ ಹೀಗಾಗುತ್ತದೆ. ಮಾರ್ಗನ್ ಅವರ ಶಿಷ್ಯ ಕ್ಯಾಲ್ವಿನ್ ಬ್ರಿಜಸ್ 1916ರಲ್ಲಿ ಜೀನ್‌ಗಳು ಕ್ರೋಮೋಸೋಮಿನ ಮೇಲಿವೆ ಎಂದು ತೋರಿಸಿದ್ದು ಇಂಥ ನೊಣಗಳಿಂದಲೇ. ಅಂಥ ಕೆಂಪು ಗಂಡನ್ನು ಮೂರು ವರ್ಜಿನ್ ಹೆಣ್ಣುಗಳ ಜೊತೆ ಹೊಸ ವಯಲ್‌ಗೆ ಹಾಕಿ 25 ಡಿಗ್ರಿಯಲ್ಲಿ ಏಳು ದಿನ ಬಿಡಿ. ಅದಕ್ಕೆ ವೈ ಕ್ರೋಮೋಸೋಮ್ ಇಲ್ಲದಿದ್ದರೆ ಅದು ಬಂಜೆ, ಹುಳು ಒಂದೂ ಕಾಣುವುದಿಲ್ಲ. ಆಗ ನಿಮ್ಮ ಕ್ರಾಸ್ ಸರಿಯಾಗಿದೆ, ಎಣಿಕೆಯ ಪುಸ್ತಕದಲ್ಲಿ ಆ ನೊಣವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಹುಳು ಕಂಡರೆ ಆ ಕ್ರಾಸನ್ನು ಕೈಬಿಟ್ಟು, ಅದಕ್ಕೆ ಹೆಣ್ಣು ಕೊಟ್ಟ ಬಿಳಿ ಕಣ್ಣಿನ ಸ್ಟಾಕ್ ಬಾಟಲಿಯಲ್ಲೂ ಕೆಂಪು ಕಣ್ಣು ಸೇರಿದೆಯೇ ಎಂದು ಅಂದೇ ಹುಡುಕಿ.